ಹಾವು ತಿನ್ನದೆ ಬಿಟ್ಟ ಇಲಿ

ಇಂಗ್ಲೆಂಡು, ಅಮೆರಿಕ ಮೊದಲಾದ ದೇಶಗಳಲ್ಲಿ ನಾಯಿ ಬೆಕ್ಕುಗಳನ್ನು ಸಾಕುವಂತೆಯೇ ಹಾವುಗಳನ್ನು ಸಾಕುವವರೂ ಉಂಟು. ಅಂಥ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ರಾತ್ರಿ ಎಂಟು ಗಂಟೆಯ ಸಮಯ. ಗಾಜಿನ ಪೆಟ್ಟಿಗೆಯೊಳಗೆ ಮೂರೂವರೆ ಅಡಿ ಉದ್ದದ ಹಾವೊಂದು ಮರದ ತೊಗಟೆಯ ಕೆಳಗೆ ಸುರುಳಿ ಸುತ್ತಿಕೊಂಡು ಮಲಗಿದೆ. ಅದನ್ನು ಸಾಕಿರುವ ಕಾಲೇಜು ವಿದ್ಯಾರ್ಥಿಯು ಹಿಂದಿನ ರಾತ್ರಿಯೇ ಫ್ರೀಜರಿನಿಂದ ಒಂದು ಸತ್ತ ಇಲಿಯನ್ನು ಹೊರತೆಗೆದು, ಹೆಪ್ಪು ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಉದ್ದನೆಯ ಇಕ್ಕುಳದಿಂದ ಹಾವಿನ ಮುಂದೆ ಹಿಡಿದಿದ್ದಾನೆ. ಹಾವು ಎರಡು ಸಲ ನಾಲಗೆಯನ್ನು ಹೊರಚಾಚಿತು, ತಲೆಯನ್ನು ಹಿಂದಕ್ಕೆಳೆದುಕೊಂಡಿತು, ಮತ್ತೆ ತೊಗಟೆಯ ಕೆಳಗೆ ಸೇರಿತು. ಗಂಟೆ ಹತ್ತಾಯಿತು. ಇಲಿ ಇಟ್ಟಲ್ಲಿಯೇ ಇದೆ.

ಈಗ ಆ ಇಲಿಯನ್ನು ಏನು ಮಾಡಬೇಕು? ಮತ್ತೆ ಫ್ರೀಜರಿಗೆ ಹಾಕಿ ಮುಂದಿನ ವಾರ ಕೊಡಬಹುದೆ? ಬೆಳಗಿನವರೆಗೆ ಪೆಟ್ಟಿಗೆಯಲ್ಲಿಯೇ ಬಿಡಬಹುದೆ? ಪಕ್ಕದ ಪೆಟ್ಟಿಗೆಯ ಇನ್ನೊಂದು ಹಾವಿಗೆ ಕೊಟ್ಟರೆ ಆಗದೆ? ಅಥವಾ ಹಣ ಕೊಟ್ಟು ತಂದ ಪದಾರ್ಥವನ್ನು ಎಸೆದುಬಿಡಬೇಕೆ? ಉಳಿದ ಅನ್ನವನ್ನು ಮರುದಿನ ಚಿತ್ರಾನ್ನ ಮಾಡುವ ಮನೆಗಳಲ್ಲಿ ಬೆಳೆದ ನಮಗೆ ಕೊನೆಯ ಮಾರ್ಗವು ರುಚಿಸುವುದು ಕಷ್ಟವೇ. ಆದರೆ ಈ ಪ್ರಶ್ನೆಯು ಮೇಲುನೋಟಕ್ಕೆ ತೋರುವಷ್ಟು ಅಲ್ಪವಾದುದಲ್ಲ. ಬ್ರಿಟನ್ನಿನಲ್ಲಿ 2015ರಿಂದ ಮುಂದಿನ ಕೆಲವು ವರ್ಷಗಳಲ್ಲಿ 800ಕ್ಕಿಂತ ಹೆಚ್ಚು ಜನರು ಒಂದೇ ಬಗೆಯ ಕರುಳಿನ ಕಾಯಿಲೆಗೆ ಗುರಿಯಾದುದಕ್ಕೆ ಮೂಲವು ಹಾವುಗಳಿಗಾಗಿ ಮಾರುವ ಇಂಥ ಹೆಪ್ಪುಗಟ್ಟಿಸಿದ ಇಲಿಗಳೇ ಎಂದು ಆ ದೇಶದ ಆರೋಗ್ಯಾಧಿಕಾರಿಗಳು ಕಂಡುಕೊಂಡರು. ಹಾವು ಬಿಟ್ಟ ಇಲಿಯ ವಿಚಾರವು ಹಾವಿನ ಜಠರಕ್ಕೂ ಮನುಷ್ಯನ ಕರುಳಿಗೂ ಏಕಕಾಲದಲ್ಲಿ ಸಂಬಂಧಪಟ್ಟಿರುವುದು. ಇದನ್ನು ತಿಳಿಯಲು ಹಿಮ, ಉಷ್ಣ, ಸೂಕ್ಷ್ಮಜೀವಿ, ಪಚನಕ್ರಿಯೆ ಇವುಗಳ ಬಳಿಗೆ ಹೋಗಿ ಬರಬೇಕಾಗುವುದು.

ಮೊದಲಿಗೆ ಹಾವಿನ ವಿಷಯ. ಮೇಲೆ ಹೇಳಿದ ಹಾವಿಗೆ ಕಾರ್ನ್ ಸ್ನೇಕ್ ಎಂದು ಹೆಸರು. ಅಮೆರಿಕದ ಆಗ್ನೇಯ ಭಾಗಗಳಲ್ಲಿ ಸ್ವಾಭಾವಿಕವಾಗಿ ವಾಸಿಸುವ ಇದು ವಿಷವಿಲ್ಲದ್ದು, ನಮ್ಮ ಕೇರೆಹಾವಿನ ಕುಟುಂಬಕ್ಕೇ ಸೇರಿದುದು. ಇದರಷ್ಟೇ ಜನಪ್ರಿಯವಾದ ಇನ್ನೊಂದು ಹಾವು ಆಫ್ರಿಕದ ರಾಯಲ್ ಹೆಬ್ಬಾವು. ಹೆದರಿದಾಗ ಚೆಂಡಿನಂತೆ ಮುದುಡಿಕೊಳ್ಳುವುದರಿಂದ ಅಮೆರಿಕದವರು ಇದನ್ನು ಬಾಲ್ ಪೈಥಾನ್ ಎನ್ನುವರು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೇರೆ, ನಾಗರ, ಹೆಬ್ಬಾವು ಮುಂತಾದ ಇಲ್ಲಿಯ ಹಾವುಗಳಿಗೆ ರಕ್ಷಣೆಯನ್ನು ಕೊಟ್ಟಿದೆ. ಅವನ್ನು ಹಿಡಿದು ಮನೆಯಲ್ಲಿ ಸಾಕುವುದು ಅಪರಾಧ. ಆದುದರಿಂದ ಈ ಲೇಖನವನ್ನೋದಿದ ವಿದ್ಯಾರ್ಥಿಗಳು ಹೊಲದ ಬದುವಿನ ಕಡೆಗೆ ಹೊರಡಬೇಕಾಗಿಲ್ಲ.

ಬದುಕಿರುವ ಇಲಿಯನ್ನೇ ಏಕೆ ಕೊಡಬಾರದು ಎಂದು ಕೆಲವರು ಕೇಳಬಹುದು. ಕಾಡಿನಲ್ಲಿ ಹಾವು ತಾನೇ ಹೊಂಚಿ ಹಿಡಿಯುವುದು, ಹಸಿವಿಲ್ಲದಿದ್ದರೆ ಹಿಡಿಯದು, ಇಲಿಯು ಓಡಿಹೋಗುವುದು. ಗಾಜಿನ ಪೆಟ್ಟಿಗೆಯಲ್ಲಿ ಇಬ್ಬರಿಗೂ ಓಡಲು ಸ್ಥಳವಿಲ್ಲ. ಹಸಿವಿಲ್ಲದ ಹಾವಿನೊಡನೆ ರಾತ್ರಿಯೆಲ್ಲ ಕೂಡಿಹಾಕಿದ ಇಲಿಯು ಹಾವಿನ ಬೆನ್ನನ್ನೇ ಮೂಳೆ ಕಾಣುವವರೆಗೆ ಕಡಿದುಹಾಕಿದ ಉದಾಹರಣೆಗಳನ್ನು ಪಶುವೈದ್ಯರು ಬೇಕಾದಷ್ಟು ಕಂಡಿದ್ದಾರೆ. ಇಲಿಯ ಪಾಡೂ ಹಿತವಾದುದಲ್ಲ. ಆದುದರಿಂದ ಈ ಕೆಲಸಕ್ಕಾಗಿಯೇ ಬೆಳೆಸಿ, ನೋವಾಗದಂತೆ ಕೊಂದು, ಹೆಪ್ಪುಗಟ್ಟಿಸಿ, ಚೀಲಗಳಲ್ಲಿ ತುಂಬಿ ಮಾರುವ ಉದ್ಯಮವೊಂದು ಬೆಳೆದಿದೆ. ಒಂದೆರಡು ಗ್ರಾಮ್ ತೂಗುವ ಕೂದಲಿಲ್ಲದ ಎಳೆಯ ಮರಿಗಳಿಗೆ ‘ಪಿಂಕಿ’ ಎಂದೂ, ತುಪ್ಪುಳು ಮೂಡಿದವುಗಳಿಗೆ ‘ಫಜಿ’ ಎಂದೂ ವ್ಯಾಪಾರದ ಹೆಸರುಗಳು. ಬೆಳೆದ ಚಿಕ್ಕ ಇಲಿಯು 20ರಿಂದ 30 ಗ್ರಾಮ್ ತೂಗುವುದು.

ಈ ಇಲಿಗಳು ಸೊನ್ನೆಗಿಂತ 18 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಚಳಿಯಲ್ಲಿ ತಿಂಗಳುಗಟ್ಟಲೆ ಕೆಡದೆ ಇರುವುವು. ಅಷ್ಟು ಚಳಿಯಲ್ಲಿ ಸೂಕ್ಷ್ಮಜೀವಿಗಳು ಸತ್ತುಹೋಗುವುವು ಎಂದು ಅನೇಕರು ನಂಬಿದ್ದಾರೆ. ಅವು ಸಾಯುವುದಿಲ್ಲ. ಕೆಲವು ಸಾಯುವುವು, ಹಲವು ಉಳಿಯುವುವು, ಉಳಿದವು ನಿದ್ರೆಯಲ್ಲಿರುವುವು. ಬ್ಯಾಕ್ಟೀರಿಯವು ಬೆಳೆಯಬೇಕಾದರೆ ಅದಕ್ಕೆ ದ್ರವರೂಪದ ನೀರು ಬೇಕು. ನೀರೆಲ್ಲ ಮಂಜುಗಡ್ಡೆಯಾಗಿ ಬಂಧಿತವಾದಾಗ ಅದಕ್ಕೆ ಕುಡಿಯುವುದಕ್ಕೂ ಇಲ್ಲ, ಆಹಾರವನ್ನು ಒಳಗೆ ತೆಗೆದುಕೊಳ್ಳುವುದಕ್ಕೂ ಇಲ್ಲ. ಗಡಿಯಾರವು ನಿಂತಿದೆ, ಒಡೆದಿಲ್ಲ. ಮಂಜು ಕರಗಿದೊಡನೆ ಅದು ಬಿಟ್ಟಲ್ಲಿಂದ ನಡೆಯತೊಡಗುವುದು.

ಹೆಪ್ಪುಗಟ್ಟುವಿಕೆಯು ಇಲಿಯ ಮಾಂಸಕ್ಕೆ ಇನ್ನೊಂದು ಕೇಡನ್ನು ಮಾಡುವುದು. ನೀರು ಮಂಜುಗಡ್ಡೆಯಾಗುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುವುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ನಿಧಾನವಾಗಿ ಹೆಪ್ಪುಗಟ್ಟಿದರೆ ಹರಳುಗಳು ದೊಡ್ಡವಾಗಿ ಬೆಳೆದು ಜೀವಕೋಶಗಳ ಪೊರೆಗಳನ್ನು ಹರಿದುಹಾಕುವುವು. ಅತಿ ವೇಗವಾಗಿ ಹೆಪ್ಪುಗಟ್ಟಿದರೆ ಹರಳುಗಳು ಅಸಂಖ್ಯವಾಗಿಯೂ ಅತಿ ಸಣ್ಣವಾಗಿಯೂ ಇದ್ದು ಹಾನಿ ಕಡಿಮೆಯಾಗುವುದು. 1912ರಿಂದ 1915ರ ವರೆಗೆ ಲ್ಯಾಬ್ರಡಾರಿನಲ್ಲಿದ್ದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕನ್ನನು ಅಲ್ಲಿಯ ಕೊರೆಯುವ ಗಾಳಿಯಲ್ಲಿ ಹಿಡಿದೊಡನೆ ಕಲ್ಲಾಗುವ ಮೀನುಗಳು ತಿಂಗಳುಗಳ ಬಳಿಕವೂ ತಾಜಾ ರುಚಿಯನ್ನುಳಿಸಿಕೊಂಡಿರುವುದನ್ನು ಗಮನಿಸಿದನು. 1920ರ ದಶಕದಲ್ಲಿ ಅವನು ಕಟ್ಟಿದ ಶೀಘ್ರ ಹೆಪ್ಪುಗಟ್ಟಿಸುವ ಯಂತ್ರಗಳಿಗೆ ಮೂಲವು ಈ ಗಮನಿಕೆಯೇ. ಮನೆಯ ಫ್ರೀಜರು ಲ್ಯಾಬ್ರಡಾರಿನ ಗಾಳಿಯಲ್ಲ. ಒಮ್ಮೆ ಕರಗಿದ ಇಲಿಯನ್ನು ಅದರೊಳಗೆ ಮತ್ತೆ ಇಟ್ಟಾಗ ಅದು ಗಂಟೆಗಟ್ಟಲೆ ತೆಗೆದುಕೊಂಡು ನಿಧಾನವಾಗಿ ಹೆಪ್ಪುಗಟ್ಟುವುದು. ಮೊದಲ ಸಲ ಉಳಿದಿದ್ದ ಕೋಶಗಳೂ ಎರಡನೆಯ ಸಲ ಒಡೆಯುವುವು. ಮುಂದೆ ಕರಗಿಸಿದಾಗ ಒಡೆದ ಕೋಶಗಳಿಂದ ಸಕ್ಕರೆ, ಪ್ರೋಟೀನು, ಲವಣಗಳು ಕೂಡಿದ ರಸವು ಸೋರುವುದು. ಬ್ಯಾಕ್ಟೀರಿಯಗಳಿಗೆ ಇದಕ್ಕಿಂತ ಒಳ್ಳೆಯ ಸಾರನ್ನು ಪ್ರಯೋಗಶಾಲೆಯಲ್ಲಿಯೂ ಮಾಡಿಕೊಡುವುದು ಕಷ್ಟ.

ಇನ್ನು ಕರಗಿಸುವ ವಿಚಾರ. 25 ಗ್ರಾಮ್ ತೂಕದ ಇಲಿಯಲ್ಲಿ ಸುಮಾರು 17 ಗ್ರಾಮ್ ನೀರಿರುವುದು. ಮಂಜುಗಡ್ಡೆಯ ಗುಪ್ತೋಷ್ಣವು ಗ್ರಾಮಿಗೆ 80 ಕ್ಯಾಲೊರಿ. ಅಂದರೆ ಅದನ್ನು ಕರಗಿಸುವುದಕ್ಕೇ 1,360 ಕ್ಯಾಲೊರಿ ಉಷ್ಣವು ಹೊರಗಿನಿಂದ ಒಳಹೋಗಬೇಕು. ಈ ಉಷ್ಣವು ಚರ್ಮದಿಂದ ಹೊಟ್ಟೆಯ ನಡುವಿಗೆ ಹೋಗಬೇಕಾದ ದಾರಿಯಲ್ಲಿ ಒಂದು ವಿಚಿತ್ರವಿದೆ. ಮಂಜುಗಡ್ಡೆಯು ನಿಶ್ಚಲವಾದ ನೀರಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಉತ್ತಮವಾದ ಉಷ್ಣವಾಹಕ. ಹೆಪ್ಪುಗಟ್ಟುವಾಗ ಮೊದಲು ಮಂಜಾಗುವ ಹೊರಪದರವು ಒಳಗಿನ ಉಷ್ಣವನ್ನು ಬೇಗ ಹೊರಕ್ಕೆ ಬಿಡುವುದು. ಕರಗುವಾಗಲಾದರೋ ಮೊದಲು ಕರಗಿದ ಹೊರಪದರವು ಕಂಬಳಿಯಂತಾಗಿ ಒಳಕ್ಕೆ ಹೋಗುವ ಉಷ್ಣವನ್ನು ತಡೆಯುವುದು. ಹೀಗಾಗಿ ಯಾವ ವಸ್ತುವಾದರೂ ಹೆಪ್ಪುಗಟ್ಟುವುದಕ್ಕಿಂತ ನಿಧಾನವಾಗಿ ಕರಗುವುದು ವಾಡಿಕೆ. ದಪ್ಪವು ಎರಡರಷ್ಟಾದರೆ ಕಾಲವು ಸುಮಾರು ನಾಲ್ಕರಷ್ಟಾಗುವುದೆಂಬುದು ಇನ್ನೊಂದು ಲೆಕ್ಕ. ಎರಡೂವರೆ ಸೆಂಟಿಮೀಟರ್ ದಪ್ಪದ ಚಿಕ್ಕ ಇಲಿಯು ಒಂದು ಗಂಟೆಯಲ್ಲಿ ಕರಗಿದರೆ, ಐದು ಸೆಂಟಿಮೀಟರ್ ದಪ್ಪದ ದೊಡ್ಡ ಇಲಿಗೆ ಅಂಥದೇ ಸ್ಥಿತಿಯಲ್ಲಿ ನಾಲ್ಕು ಗಂಟೆಗಳು ಬೇಕು. ಈ ಅವಧಿಯಲ್ಲಿ ನಡುವೆ ಮಂಜು, ಚರ್ಮದ ಬಳಿ ಕೋಣೆಯ ಬಿಸಿ. ನಡುವು ಕರಗುವಷ್ಟರಲ್ಲಿ ಹೊರಮೈಯ ಬ್ಯಾಕ್ಟೀರಿಯಗಳು ಎಚ್ಚೆತ್ತು ಎಷ್ಟೋ ಹೊತ್ತಾಗಿರುವುದು.

ಇದಕ್ಕಾಗಿಯೇ ಬಲ್ಲವರು ಇಲಿಯನ್ನು ಮುಚ್ಚಿದ ಚೀಲದಲ್ಲಿಟ್ಟು ರೆಫ್ರಿಜರೇಟರಿನೊಳಗೆ, 4 ಡಿಗ್ರಿಯ ಆಸುಪಾಸಿನಲ್ಲಿ, ರಾತ್ರಿಯಿಡೀ ಕರಗಬಿಡುವರು. ಅಲ್ಲಿ ಹೊರಮೈಯೂ ತಂಪಾಗಿಯೇ ಇರುವುದರಿಂದ ಗಡಿಯಾರವು ಬಹು ನಿಧಾನವಾಗಿ ನಡೆಯುವುದು. ಕೊಡುವ ಹೊತ್ತಿಗೆ ಮಾತ್ರ, ಚೀಲದೊಡನೆಯೇ, ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಕೆಲವು ನಿಮಿಷ ಅದ್ದಿ ತೆಗೆಯುವರು. ಸೂಕ್ಷ್ಮತರಂಗದ ಒಲೆಯಲ್ಲಿ ಕರಗಿಸುವ ಸಾಹಸವನ್ನು ಮಾಡಿದವರು ಎರಡನೆಯ ಸಲ ಮಾಡಲಾರರು. ಅದರ ಬಿಸಿಯು ಎಲ್ಲೆಡೆ ಸಮನಾಗಿ ಹಂಚಿಹೋಗದೆ ಒಂದೆಡೆ ಮಂಜೂ ಇನ್ನೊಂದೆಡೆ ಕುದಿತವೂ ಆಗಿ ಹೊಟ್ಟೆಯು ಸಿಡಿಯುವುದು. ಆಮೇಲೆ ಅದೇ ಒಲೆಯಲ್ಲಿ ಮನೆಯವರ ಊಟವನ್ನೂ ಬಿಸಿಮಾಡಬೇಕಲ್ಲ!

ಬೆಚ್ಚಗೆ ಮಾಡುವುದಾದರೂ ಏತಕ್ಕೆ? ಹೆಬ್ಬಾವಿನ ತುಟಿಗಳ ಅಂಚಿನಲ್ಲಿ ಸಾಲಾಗಿ ಗುಳಿಗಳಿರುವುವು. ಇವು ಉಷ್ಣವನ್ನು ‘ಕಾಣುವ’ ಅಂಗಗಳೆಂಬುದನ್ನು ನೋಬಲ್ ಮತ್ತು ಷ್ಮಿಟ್ ಎಂಬ ಪ್ರಾಣಿಶಾಸ್ತ್ರಜ್ಞರು 1937ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಆ ಗುಳಿಗಳ ನರತಂತುಗಳಲ್ಲಿ ಉಷ್ಣಕ್ಕೆ ಸ್ಪಂದಿಸುವ ಪ್ರೋಟೀನು ಯಾವುದೆಂಬುದನ್ನು ಡೇವಿಡ್ ಜೂಲಿಯಸ್ ಅವರ ಪ್ರಯೋಗಶಾಲೆಯವರು 2010ರಲ್ಲಿ ಗುರುತಿಸಿದರು. ಉಷ್ಣಸಂವೇದನೆಯ ಕುರಿತಾದ ಸಂಶೋಧನೆಗಳಿಗಾಗಿ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಇಂಥ ಅಂಗವುಳ್ಳ ಹಾವಿಗೆ ತಣ್ಣನೆಯ ಇಲಿಯೆಂದರೆ ಕಲ್ಲಿನ ತುಂಡು. ಕಾರ್ನ್ ಸ್ನೇಕಿಗೆ ಈ ಗುಳಿಗಳಿಲ್ಲ. ಆದರೂ ಬೆಚ್ಚಗಾದ ಇಲಿಯ ವಾಸನೆಯು ಹೆಚ್ಚು ಹರಡುವುದರಿಂದ ಅದಕ್ಕೂ ಬಿಸಿಯೇ ಮೆಚ್ಚುಗೆ. ಹಾವು ತಿನ್ನಲಿ ಎಂದು ಕೊಟ್ಟ ಬಿಸಿಯೇ, ತಿನ್ನದೆ ಬಿಟ್ಟ ಇಲಿಯನ್ನು ಬೇಗ ಕೆಡಿಸುವ ಬಿಸಿಯೂ ಆಗುವುದು.

ಹಾವಿನ ಪೆಟ್ಟಿಗೆಯ ಬೆಚ್ಚನೆಯ ಭಾಗವು ಸಾಮಾನ್ಯವಾಗಿ 30 ಡಿಗ್ರಿಗೆ ಸಮೀಪದಲ್ಲಿರುವುದು. ಅನುಕೂಲ ಸ್ಥಿತಿಯಲ್ಲಿ ಒಂದು ಬ್ಯಾಕ್ಟೀರಿಯವು ಅರ್ಧ ಗಂಟೆಗೊಮ್ಮೆ ಎರಡಾಗುವುದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಂದರಿಂದ ಹೊರಟರೆ ಎರಡು ಗಂಟೆಯಲ್ಲಿ 16. ನಾಲ್ಕು ಗಂಟೆಯಲ್ಲಿ 256. ಇಷ್ಟರವರೆಗೆ ಗಾಬರಿಯೇನೂ ಇಲ್ಲ. ಎಂಟು ಗಂಟೆಗೆ 65,536. ಹನ್ನೆರಡು ಗಂಟೆಗೆ 1 ಕೋಟಿ 67 ಲಕ್ಷಕ್ಕೂ ಮೀರುವುದು. ಚದುರಂಗದ ಮನೆಗಳಲ್ಲಿ ಕಾಳುಗಳನ್ನಿಟ್ಟ ಕಥೆಯನ್ನು ಕೇಳಿದವರಿಗೆ ಇದು ಹೊಸದಲ್ಲ. ವಾಸ್ತವದಲ್ಲಿ ಚಳಿಯಿಂದ ಎದ್ದ ಬ್ಯಾಕ್ಟೀರಿಯಗಳು ಮೊದಲು ಸ್ವಲ್ಪ ಹೊತ್ತು ಚೇತರಿಸಿಕೊಳ್ಳುವುವು, ಮತ್ತು ಎಲ್ಲ ಸ್ಥಳಗಳಲ್ಲಿಯೂ ಇಷ್ಟು ವೇಗವಾಗಿ ಬೆಳೆಯುವುದಿಲ್ಲ. ಆದರೆ ಹೊರಡುವ ಸಂಖ್ಯೆಯು ಒಂದಲ್ಲ, ಲಕ್ಷಗಳು. ಏಕೆಂದರೆ ಅಂಗಡಿಯ ಕುರಿಮಾಂಸದಂತೆ ಈ ಇಲಿಯ ಕರುಳನ್ನು ಯಾರೂ ತೆಗೆದಿಲ್ಲ. ಜೀವದಿಂದಿದ್ದಾಗ ಕರುಳಿನ ಗೋಡೆಯು ತಡೆದಿಟ್ಟಿದ್ದ ಸೂಕ್ಷ್ಮಜೀವಿಗಳ ಸಮೂಹವೆಲ್ಲ ಒಳಗೇ ಇದೆ. ಗೋಡೆಯಾದರೋ ಮಂಜಿನಿಂದ ಬಿರುಕುಬಿಟ್ಟಿದೆ. ಜೊತೆಗೆ ಜೀರ್ಣಕ್ಕಾಗಿ ಇದ್ದ ಕಿಣ್ವಗಳು ಯಜಮಾನನಿಲ್ಲದ ಮನೆಯ ಆಳುಗಳಂತೆ ತಮ್ಮ ಮನೆಯನ್ನೇ ತಿನ್ನತೊಡಗುವುವು. ಕೆಡುವ ಇಲಿಯಲ್ಲಿ ಎಲ್ಲಕ್ಕಿಂತ ಮೊದಲು ಹೊಟ್ಟೆಯ ಚರ್ಮವು ಹಸುರಾಗಿ ಮೆತ್ತಗಾಗುವುದು ಇದರಿಂದಲೇ. ಹಾಗೆ ಹಸುರಾದುದನ್ನು ಕೊಡಬಾರದೆಂಬುದನ್ನು ಎಲ್ಲರೂ ಬಲ್ಲರು. ಹಸುರಾಗುವ ಎಷ್ಟೋ ಮೊದಲೇ ಸಂಖ್ಯೆಯು ಏರಿರುತ್ತದೆ ಎಂಬುದನ್ನು ಅಷ್ಟಾಗಿ ತಿಳಿಯರು.

ಈಗ ಹಾವಿನ ಜಠರದೊಳಕ್ಕೆ ಇಳಿಯೋಣ. ನಮ್ಮ ವಿಷಯದ ತಿರುಳು ಇಲ್ಲಿದೆ. ನಮ್ಮ ಜಠರದಲ್ಲಿ ಬರಿಯ ಹೊಟ್ಟೆಯಲ್ಲಿಯೂ ತೀಕ್ಷ್ಣವಾದ ಆಮ್ಲವಿರುವುದು. ಊಟದೊಡನೆ ಹೋದ ಬಹು ಬ್ಯಾಕ್ಟೀರಿಯಗಳು ಆ ಬಾಗಿಲಲ್ಲಿಯೇ ಸಾಯುವುವು. ಹಾವಿನ ಸಂಸಾರವು ಬೇರೆ. ವಾರಕ್ಕೋ ತಿಂಗಳಿಗೋ ಒಮ್ಮೆ ಉಣ್ಣುವ ಪ್ರಾಣಿಯು ದಿನವೂ ಆಮ್ಲವನ್ನು ತಯಾರಿಸುತ್ತಿದ್ದರೆ ಅದು ಬರಿಯ ದುಂದು. ಬರ್ಮದ ಹೆಬ್ಬಾವುಗಳ ಮೇಲೆ ಸ್ಟೀಫನ್ ಸೀಕರ್ ಮತ್ತು ಜೇರೆಡ್ ಡೈಮಂಡ್ ಎಂಬವರು 1990ರ ದಶಕದಲ್ಲಿ ನಡೆಸಿದ ಪರೀಕ್ಷೆಗಳೂ, ಮುಂದೆ ಸೀಕರ್ ಅವರು ಜಠರದ ಕುರಿತು ಮಾಡಿದ ಕೆಲಸವೂ ಬಹು ಸ್ವಾರಸ್ಯವಾದುವು. ಉಪವಾಸವಿದ್ದ ಹೆಬ್ಬಾವಿನ ಜಠರದ ಪಿ.ಎಚ್. ಅಂಕವು 7ರ ಬಳಿ, ಎಂದರೆ ಹೆಚ್ಚುಕಡಿಮೆ ನೀರಿನಂತೆ, ಇರುವುದು. ಇಲಿಯು ಒಳಕ್ಕೆ ಬಂದ ಮೇಲೆ ಆಮ್ಲದ ಕಾರ್ಖಾನೆಯು ತೆರೆಯುವುದು. ಸುಮಾರು ಒಂದು ದಿನದಲ್ಲಿ ಅಂಕವು 2ರ ಮಟ್ಟಕ್ಕೆ ಇಳಿಯುವುದು. ಸಣ್ಣ ಕರುಳು ತನ್ನ ತೂಕವನ್ನು ಇಮ್ಮಡಿಯಾಗಿಸಿಕೊಳ್ಳುವುದು. ತನ್ನಷ್ಟೇ ತೂಕದ ಭಾರಿ ಊಟವನ್ನು ನುಂಗಿದ ಹಾವಿನ ಆಮ್ಲಜನಕದ ಬಳಕೆಯು ವಿಶ್ರಾಂತಿಯಲ್ಲಿದ್ದಾಗಿನ 40 ಪಟ್ಟಿಗೂ ಮೇಲೇರಿದುದುಂಟು. 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಂತೆ ಹೃದಯವೂ ಎರಡು ದಿನಗಳಲ್ಲಿ ನೂರಕ್ಕೆ ನಲವತ್ತರಷ್ಟು ದೊಡ್ಡದಾಗುವುದು. ಊಟ ಮುಗಿದ ಮೇಲೆ ಎಲ್ಲವೂ ಮತ್ತೆ ಮುಚ್ಚಿಹೋಗುವುವು.

ಆದುದರಿಂದ ನುಂಗಿದ ಮೊದಲ ಗಂಟೆಗಳಲ್ಲಿ ಹಾವಿನ ಜಠರವು ಬೆಚ್ಚನೆಯ, ತೇವವಾದ, ಆಮ್ಲವಿಲ್ಲದ ಚೀಲವಾಗಿರುವುದು. ಅಲ್ಲಿ ಎರಡು ಪಂಗಡಗಳ ನಡುವೆ ಓಟದ ಪಂದ್ಯವು ನಡೆಯುವುದು. ಹೊರಗಿನಿಂದ ಆಮ್ಲ ಮತ್ತು ಜಠರರಸಗಳು ಇಲಿಯ ಚರ್ಮವನ್ನು ಕರಗಿಸುತ್ತ ಒಳಕ್ಕೆ ಹೋಗುವುವು. ಒಳಗಿನಿಂದ ಇಲಿಯ ಕರುಳಿನ ಬ್ಯಾಕ್ಟೀರಿಯಗಳು ಕೊಳೆಸುತ್ತ ಹೊರಕ್ಕೆ ಬರುವುವು. ತಾಜಾ ಇಲಿಯಾದರೆ ಪಂದ್ಯದಲ್ಲಿ ಹಾವೇ ಗೆಲ್ಲುವುದು. ಕೋಟ್ಯಂತರ ವರ್ಷಗಳಿಂದ ಗೆಲ್ಲುತ್ತ ಬಂದಿದೆ. ಹತ್ತು ಗಂಟೆಗಳ ಕಾಲ 30 ಡಿಗ್ರಿಯಲ್ಲಿ ಬಿದ್ದಿದ್ದ ಇಲಿಯಾದರೆ ಎದುರಾಳಿಗೆ ಹತ್ತು ಗಂಟೆ ಮುಂಚಿತವಾಗಿ ಓಡಲು ಬಿಟ್ಟಂತಾಯಿತು. ಜೀರ್ಣವಾಗುವ ಮೊದಲೇ ಅನಿಲಗಳು ಹುಟ್ಟಿ ಊಟವು ಉಬ್ಬುವುದು. ಹಾವು ಅದನ್ನು ಕಾರಿಕೊಳ್ಳುವುದು. ಹಾವಿಗೆ ವಾಂತಿಯು ನಮ್ಮ ವಾಂತಿಯಂತೆ ಹಗುರವಾದ ಸಂಗತಿಯಲ್ಲ: ಅಷ್ಟು ಹೊತ್ತಿಗೆ ತಯಾರಾಗಿದ್ದ ಆಮ್ಲವು ಅನ್ನನಾಳವನ್ನು ಸುಡುವುದು, ನೀರೂ ಲವಣವೂ ನಷ್ಟವಾಗುವುವು, ಅದಕ್ಕೆ ಮತ್ತೆ ಆಹಾರ ಕೊಡಲು ವಾರಗಟ್ಟಲೆ ಕಾಯಬೇಕಾಗುವುದು. ಪೆಟ್ಟಿಗೆಯ ಬಿಸಿಯು ಕಡಿಮೆಯಾದಾಗಲೂ ಇದೇ ಅಪಾಯವುಂಟು. ಹಾವಿನ ಪಚನದ ವೇಗವು ಹೊರಗಿನ ಉಷ್ಣವನ್ನೇ ನಂಬಿರುವುದರಿಂದ, ರಾತ್ರಿ ದೀಪ ಕೆಟ್ಟು ಪೆಟ್ಟಿಗೆಯು ತಣ್ಣಗಾದರೆ ಅದರ ಕಡೆಯ ಓಟಗಾರನು ಕುಂಟತೊಡಗುವನು.

ಕಾಡಿನ ಹಾವುಗಳು ಕೊಳೆತುದನ್ನು ತಿನ್ನುವುದಿಲ್ಲವೆ ಎಂಬ ಆಕ್ಷೇಪಣೆಯುಂಟು, ಅದು ನ್ಯಾಯವಾದುದೇ. ತಿನ್ನುವುವು. ಫ್ಲಾರಿಡದ ಪಶ್ಚಿಮ ತೀರದಲ್ಲಿರುವ ಸೀಹಾರ್ಸ್ ಕೀ ಎಂಬ ಸಣ್ಣ ದ್ವೀಪದಲ್ಲಿ ಕಾಟನ್‌ಮೌತ್ ಎಂಬ ವಿಷದ ಹಾವುಗಳು ನೀರುಹಕ್ಕಿಗಳ ಗೂಡುಗಳಿರುವ ಮರಗಳ ಕೆಳಗೆ ಗುಂಪುಗೂಡಿ, ಹಕ್ಕಿಗಳು ಬೀಳಿಸಿದ ಸತ್ತ ಮೀನುಗಳನ್ನು ತಿಂದೇ ಬದುಕುತ್ತಿದ್ದುವು. 2015ರಲ್ಲಿ ಹಕ್ಕಿಗಳೆಲ್ಲ ಆ ದ್ವೀಪವನ್ನು ಒಮ್ಮೆಗೇ ತ್ಯಜಿಸಿದಾಗ ಈ ಊಟವು ತಪ್ಪಿತು. ಆದರೆ ಈ ಉದಾಹರಣೆಯಿಂದ ನಮ್ಮ ವಿದ್ಯಾರ್ಥಿಯು ಧೈರ್ಯ ತೆಗೆದುಕೊಳ್ಳುವುದು ಸರಿಯಲ್ಲವೆಂದು ನಮಗೆ ತೋರುವುದು. ಕಾಡಿನಲ್ಲಿ ಕೆಟ್ಟುದನ್ನು ತಿಂದು ಸತ್ತ ಹಾವುಗಳನ್ನು ಯಾರೂ ಎಣಿಸಿಲ್ಲ. ಬದುಕಿದವು ಮಾತ್ರ ನಮ್ಮ ಕಣ್ಣಿಗೆ ಬೀಳುವುವು. ಅಲ್ಲದೆ ಹಾವಿಗೆ ಅಪಾಯವಿಲ್ಲವೆಂದೇ ಇಟ್ಟುಕೊಂಡರೂ ಆ ಮನೆಯಲ್ಲಿ ಮನುಷ್ಯರೂ ಇದ್ದಾರೆ.

ಮೊದಲಿನ ಪ್ರಶ್ನೆಗಳಿಗೆ ಈಗ ಉತ್ತರ ಕೊಡಬಹುದು. ಬೆಚ್ಚಗೆ ಮಾಡಿ ಒಮ್ಮೆ ಹಾವಿನ ಮುಂದೆ ಇಟ್ಟ ಇಲಿಯನ್ನು ಮತ್ತೆ ಹೆಪ್ಪುಗಟ್ಟಿಸಿ ಇನ್ನೊಮ್ಮೆ ಕೊಡಕೂಡದು. ಏರಿದ ಸಂಖ್ಯೆಯನ್ನು ಫ್ರೀಜರು ಇಳಿಸುವುದಿಲ್ಲ. ಅದನ್ನು ಹಾಗೆಯೇ ಕಾಪಾಡಿಡುವುದು. ರೆಫ್ರಿಜರೇಟರಿನಲ್ಲಿ ಕರಗಿದ್ದು, ಇನ್ನೂ ಬೆಚ್ಚಗೆ ಮಾಡದೆ, ಚೀಲದಿಂದ ಹೊರತೆಗೆಯದೆ ಇರುವ ಇಲಿಯ ಮಾತು ಬೇರೆ. ಅದನ್ನು ಅಲ್ಲಿಯೇ ಇಟ್ಟು ಮರುದಿನ ಕೊಟ್ಟರೆ ಅಡ್ಡಿಯಿಲ್ಲ. ಪೆಟ್ಟಿಗೆಯಲ್ಲಿ ಎಷ್ಟು ಹೊತ್ತು ಬಿಡಬಹುದೆಂಬುದರಲ್ಲಿ ಸಾಕುವವರೊಳಗೇ ಒಮ್ಮತವಿಲ್ಲ. ನಾಚಿಕೆಯ ಹಾವುಗಳು, ಅದರಲ್ಲಿಯೂ ರಾಯಲ್ ಹೆಬ್ಬಾವುಗಳು, ದೀಪವಾರಿ ಮನೆಯೆಲ್ಲ ಮಲಗಿದ ಮೇಲೆಯೇ ಬಾಯಿ ತೆರೆಯುವುದರಿಂದ ರಾತ್ರಿಯಿಡೀ ಬಿಡುವವರು ಬಹುಮಂದಿ. ಮನುಷ್ಯರ ಮಾಂಸಾಹಾರಕ್ಕೆ ಅಮೆರಿಕದ ಕೃಷಿ ಇಲಾಖೆಯು ಕೋಣೆಯ ಉಷ್ಣದಲ್ಲಿ ಎರಡೇ ಗಂಟೆಗಳ ಮಿತಿಯನ್ನು ಹೇಳುವುದು. ಮೇಲಿನ ಗುಣಾಕಾರವನ್ನು ನೋಡಿದ ನಾವಾದರೆ ನಾಲ್ಕು ಗಂಟೆಗೆ ತೆಗೆಯುವ ಪಕ್ಷಕ್ಕೆ ಸೇರುವೆವು. ಹಾವಿನ ಸ್ವಭಾವಕ್ಕಾಗಿ ರಾತ್ರಿ ಬಿಡಲೇಬೇಕಾದರೆ ಪೆಟ್ಟಿಗೆಯ ತಂಪಾದ ಮೂಲೆಯಲ್ಲಿ, ಒಂದು ತಟ್ಟೆಯ ಮೇಲಿಟ್ಟು, ಬೆಳಗ್ಗೆ ಎದ್ದೊಡನೆ ಮೊದಲು ಅದನ್ನು ತೆಗೆಯಬೇಕು.

ಪಕ್ಕದ ಹಾವಿಗೆ ಕೊಡುವ ಉಪಾಯವು ಎಲ್ಲಕ್ಕಿಂತ ಜಾಣತನದ್ದೆಂದು ತೋರುವುದು. ಬಹುಶಃ ಎಲ್ಲಕ್ಕಿಂತ ಅಪಾಯದ್ದೂ ಅದೇ. ಮೊದಲ ಹಾವು ಇಲಿಯನ್ನು ಮುಟ್ಟಿಯೇ ಇಲ್ಲವೆಂದು ಹೇಳುವುದು ಕಷ್ಟ. ಕಚ್ಚಿ, ಸುತ್ತಿ ಹಿಚುಕಿ, ಆಮೇಲೆ ಬಿಟ್ಟಿರಬಹುದು. ಎಂಜಲು ಅದರ ಮೇಲಿರುವುದು. ಬೋವ ಮತ್ತು ಹೆಬ್ಬಾವುಗಳನ್ನು ಕೊಲ್ಲುವ ಒಂದು ರೋಗವು ದಶಕಗಳಿಂದ ಸಾಕುವವರನ್ನು ಕಾಡುತ್ತಿತ್ತು. ರೋಗಿಯಾದ ಹಾವು ಉಂಡುದನ್ನು ಕಾರಿಕೊಳ್ಳುವುದು, ಕತ್ತನ್ನು ಆಕಾಶದ ಕಡೆಗೆ ತಿರುಚುವುದು. ಇಂಥ ಹಾವುಗಳಲ್ಲಿ ಅರೀನವೈರಸ್ ಗುಂಪಿನ ವೈರಸ್ಸುಗಳಿವೆಯೆಂದು ಸ್ಯಾನ್ ಫ್ರಾನ್ಸಿಸ್ಕೊದ ಸಂಶೋಧಕರು 2012ರಲ್ಲಿ ಕಂಡುಹಿಡಿದರು. ಉಪವಾಸ ಹಿಡಿದ ಹಾವೇ ರೋಗಿಯಾಗಿರುವ ಸಂಭವವೂ ಹೆಚ್ಚು. ಒಂದು ಇಲಿಯ ಬೆಲೆಯನ್ನು ಉಳಿಸಲು ಹೋಗಿ ಎರಡು ಹಾವುಗಳನ್ನು ಕಳೆದುಕೊಳ್ಳುವುದು ಲೆಕ್ಕಕ್ಕೆ ಸರಿಹೋಗದು.

ಇನ್ನು ಮನುಷ್ಯರ ಪಾಡು. ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯವು ಇಲಿಗಳ ಕರುಳಿನಲ್ಲಿಯೂ ಹಾವುಗಳ ಕರುಳಿನಲ್ಲಿಯೂ ಯಾವ ತೊಂದರೆಯನ್ನೂ ತೋರದೆ ಇರಬಲ್ಲುದು. ಅದರ ಹೆಸರು ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರಿಂದ ಬಂದುದು. 1885ರಲ್ಲಿ ಅದನ್ನು ಬೇರ್ಪಡಿಸಿದವರು ಅವರ ಕೈಕೆಳಗಿದ್ದ ಥಿಯೊಬಾಲ್ಡ್ ಸ್ಮಿತ್. ಕೆಲಸವೊಬ್ಬರದು, ಹೆಸರೊಬ್ಬರದು ಎಂಬ ನೀತಿಯು ಪ್ರಯೋಗಶಾಲೆಗಳಲ್ಲಿಯೂ ಉಂಟು! 2008ರ ಬಳಿಕ ಬ್ರಿಟನ್ನಿನಲ್ಲಿ ಈ ಬ್ಯಾಕ್ಟೀರಿಯದ ಅಪರೂಪದ ಬಗೆಯೊಂದು ಹರಡತೊಡಗಿತು. ರೋಗಿಗಳಲ್ಲಿ ಬಹುಮಂದಿ ಚಿಕ್ಕ ಮಕ್ಕಳು. ಮನೆಮನೆಯನ್ನು ವಿಚಾರಿಸಿದಾಗ ಸರೀಸೃಪಗಳೂ, ಅವುಗಳಿಗಾಗಿ ಅಮೆರಿಕದಿಂದ ಹಡಗಿನಲ್ಲಿ ಬಂದ ಹೆಪ್ಪುಗಟ್ಟಿದ ಇಲಿಗಳೂ ಸಿಕ್ಕಿದುವು. 2010ರಲ್ಲಿ ಅಮೆರಿಕದಲ್ಲಿಯೂ ಅದೇ ಮೂಲದಿಂದ ರೋಗವು ಕಾಣಿಸಿಕೊಂಡು ಇಲಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಬೇಕಾಯಿತು. ಆ ಮಕ್ಕಳಲ್ಲಿ ಯಾರೂ ಇಲಿಯನ್ನು ತಿಂದವರಲ್ಲ. ಹಾವಿಗೆ ಉಣಿಸಿದ ಕೈ, ಇಲಿಯನ್ನು ಕರಗಿಸಿದ ಬಟ್ಟಲು, ಆ ನೀರನ್ನು ಚೆಲ್ಲಿದ ಅಡುಗೆಮನೆಯ ತೊಟ್ಟಿ, ಇಷ್ಟೇ ಸಾಕಾಗುವುದು. ದೊಡ್ಡವರಿಗೆ ನಾಲ್ಕು ದಿನದ ಭೇದಿ ಜ್ವರದಲ್ಲಿ ಮುಗಿಯುವುದು, ಐದು ವರ್ಷದೊಳಗಿನ ಮಕ್ಕಳಲ್ಲಿ ಕೆಲವೊಮ್ಮೆ ರಕ್ತಕ್ಕೂ ಇಳಿಯುವುದು.

ಹಾವು ತಿನ್ನದೆ ಬಿಟ್ಟ ಇಲಿಯು ಈ ದೃಷ್ಟಿಯಿಂದ ಹೊಸ ಇಲಿಗಿಂತ ಕೆಟ್ಟದು; ಅದರ ಮೇಲೆ ಗಂಟೆಗಳ ಬೆಳೆಯಿದೆ. ಅದನ್ನು ಬರಿಗೈಯಿಂದಲ್ಲ, ಇಕ್ಕುಳದಿಂದ ತೆಗೆಯಬೇಕು. ಇದರಲ್ಲಿ ಇನ್ನೊಂದು ಲಾಭವಿದೆ: ಕೈಗೆ ಇಲಿಯ ವಾಸನೆ ಹತ್ತಿದರೆ, ಆಗತಾನೆ ಹಸಿವು ನೆನಪಾದ ಹಾವು ಕೈಯನ್ನೇ ಇಲಿಯೆಂದು ಹಿಡಿಯುವುದುಂಟು. ಇಲಿಯನ್ನು ಒಂದು ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಇನ್ನೊಂದರಲ್ಲಿ ಕಟ್ಟಿ, ಮುಚ್ಚಳವಿರುವ ಕಸದ ಡಬ್ಬಕ್ಕೆ ಹಾಕಬೇಕು. ಕಾಗೆಗೋ ಬೆಕ್ಕಿಗೋ ಆಗಲಿ ಎಂದು ಹೊರಗೆ ಎಸೆಯುವುದು ದಯೆಯಲ್ಲ, ರೋಗವನ್ನು ಹಂಚುವ ಕೆಲಸ. ತಿಪ್ಪೆಯ ಗೊಬ್ಬರಕ್ಕೆ ಸೇರಿಸುವುದೂ ಬೇಡ. ಕಸದ ಗಾಡಿಯು ವಾರಕ್ಕೊಮ್ಮೆ ಬರುವ ಊರುಗಳಲ್ಲಿ ಕೆಲವರು ಇಲಿಗಳಿಗಾಗಿಯೇ ಇರುವ ಫ್ರೀಜರಿನಲ್ಲಿ, ‘ಎಸೆಯತಕ್ಕದ್ದು’ ಎಂದು ದಪ್ಪಕ್ಷರದಲ್ಲಿ ಬರೆದು, ಗಾಡಿಯ ದಿನದವರೆಗೆ ಇಡುವರು. ಮರಳಿ ಹೆಪ್ಪುಗಟ್ಟಿಸಲು ನಾವು ಒಪ್ಪುವ ಸಂದರ್ಭವು ಇದೊಂದೇ. ಇಲಿ ಬಿದ್ದಿದ್ದ ಜಾಗದ ತೊಗಟೆಯ ಚೂರುಗಳನ್ನೂ ರಸ ಹೀರಿದ ಕಾಗದವನ್ನೂ ಅದರೊಡನೆಯೇ ತೆಗೆಯಬೇಕು. ಬಟ್ಟಲು, ಇಕ್ಕುಳಗಳನ್ನು ಅಡುಗೆಮನೆಯ ಹೊರಗೆ ತೊಳೆದು, ಕೊನೆಗೆ ಸೋಪಿನಿಂದ ಕೈಗಳನ್ನು ಚೆನ್ನಾಗಿ ಉಜ್ಜಬೇಕು.

ಹೀಗೆ ಎಸೆಯುವ ಸಂದರ್ಭಗಳನ್ನೇ ಕಡಿಮೆ ಮಾಡುವುದು ಹೇಗೆಂಬುದು ಉಳಿದ ಪ್ರಶ್ನೆ. ಹಾವು ಉಣ್ಣದಿರುವುದಕ್ಕೆ ಕಾರಣಗಳು ಸಾಮಾನ್ಯವಾಗಿ ಕಣ್ಣಿಗೆ ಕಾಣುವಂಥವೇ. ಪೊರೆ ಬಿಡುವ ಮುನ್ನ ಅದರ ಕಣ್ಣುಗಳು ಹಾಲು ಬಿದ್ದಂತೆ ಮಂಕಾಗುವುವು. ಆ ದಿನಗಳಲ್ಲಿ ಹೆಚ್ಚಿನ ಹಾವುಗಳು ಉಣ್ಣಲೊಲ್ಲವು. ಅಂಥ ಕಣ್ಣನ್ನು ಕಂಡರೆ ಇಲಿಯನ್ನು ಫ್ರೀಜರಿನಿಂದ ತೆಗೆಯಲೇ ಬಾರದು. ಪೆಟ್ಟಿಗೆ ತಣ್ಣಗಿರಬಹುದು, ಅಡಗಲು ಸ್ಥಳವಿಲ್ಲದೆ ಹಾವು ಹೆದರಿರಬಹುದು, ಇಲಿಯು ಅದರ ನಡುಮೈಗಿಂತ ತುಂಬಾ ದಪ್ಪವಿರಬಹುದು, ಬೆಚ್ಚಗಾದುದು ಸಾಲದಿರಬಹುದು. ಆರು ತಿಂಗಳಿಗೂ ಹಳೆಯದಾದ ಇಲಿಯಲ್ಲಿ ಕೊಬ್ಬು ಕಮಟು ಹಿಡಿಯುತ್ತ, ಆ ಕ್ರಿಯೆಯಲ್ಲಿ ‘ಇ’ ಜೀವಸತ್ವವೂ ನಾಶವಾಗುತ್ತ ಬರುವುದರಿಂದ ಕೊಂಡ ದಿನವನ್ನು ಚೀಲದ ಮೇಲೆ ಬರೆದಿಡುವುದು ಒಳ್ಳೆಯದು. ಒಮ್ಮೆ ಒಲ್ಲೆನೆಂದ ಹಾವಿಗೆ ಮರುದಿನವೇ ಮತ್ತೊಂದು ಇಲಿಯನ್ನು ಕರಗಿಸಿ ಒತ್ತಾಯ ಮಾಡುವುದರಿಂದ ಎರಡನೆಯ ಇಲಿಯೂ ಡಬ್ಬಕ್ಕೆ ಹೋಗುವುದೇ ಹೆಚ್ಚು. ಬೆಳೆದ ಹಾವಾದರೆ ಒಂದು ವಾರವಾದರೂ ಸುಮ್ಮನೆ ಬಿಡಬೇಕು.

ಬಿಸಿರಕ್ತದ ಪ್ರಾಣಿಗಳ ಹಸಿವಿನ ಅಳತೆಯಿಂದ ಹಾವನ್ನು ಅಳೆಯುವುದೇ ಈ ಆತುರಕ್ಕೆಲ್ಲ ಮೂಲ. ಮೈಯನ್ನು ಬೆಚ್ಚಗಿಟ್ಟುಕೊಳ್ಳಲು ಅದು ಆಹಾರವನ್ನು ಉರಿಸಬೇಕಾಗಿಲ್ಲ. ಆರೋಗ್ಯವಾಗಿ ಬೆಳೆದ ರಾಯಲ್ ಹೆಬ್ಬಾವು ತಂಪಿನ ಕಾಲದಲ್ಲಿ ತಾನಾಗಿಯೇ ತಿಂಗಳುಗಟ್ಟಲೆ ಉಪವಾಸವಿದ್ದು, ತೂಕವನ್ನು ಅಷ್ಟಾಗಿ ಕಳೆದುಕೊಳ್ಳದೆ, ಒಂದು ಸಂಜೆ ಏನೂ ಆಗದಂತೆ ಮತ್ತೆ ಉಣ್ಣತೊಡಗುವುದು. ಅಡುಗೆಮನೆಯದಲ್ಲದ ಒಂದು ತಕ್ಕಡಿಯೂ ಒಂದು ಪುಸ್ತಕವೂ ಇದ್ದರೆ ಊಹೆಗೆ ಎಡೆಯಿಲ್ಲ. ವಾರಕ್ಕೊಮ್ಮೆ ತೂಕವನ್ನೂ, ಕೊಟ್ಟ ದಿನ, ಇಲಿಯ ತೂಕ, ತಿಂದಿತೊ ಬಿಟ್ಟಿತೊ ಎಂಬುದನ್ನೂ ಗುರುತು ಮಾಡಿಕೊಂಡು ಬಂದರೆ ಆರು ತಿಂಗಳಲ್ಲಿ ಆ ಹಾವಿನ ನಡವಳಿಕೆಯು ತಾನೇ ತಿಳಿದುಬರುವುದು. ಮರಿಹಾವು ಎರಡು ಮೂರು ಸಲ ಮೇಲಿಂದ ಮೇಲೆ ಬಿಟ್ಟರೆ, ಅಥವಾ ಬೆಳೆದ ಹಾವಿನ ತೂಕವು ಹತ್ತರಲ್ಲಿ ಒಂದು ಪಾಲಿನಷ್ಟು ಇಳಿದರೆ, ಪಶುವೈದ್ಯರ ಬಳಿಗೆ ಪುಸ್ತಕದೊಡನೆ ಹೋಗಬೇಕು.